ಸಿ.ಬಿ. ಮುತ್ತಮ್ಮ: ಸರ್ಕಾರದ ವಿರುದ್ಧವೇ ಸುಪ್ರೀಂ ಕೋರ್ಟ್‌ಗೆ ಹೋದ ಕೊಡಗಿನ ರಾಯಭಾರಿ

ನವದೆಹಲಿ: ಮದುವೆಯಾದರೆ ಕೆಲಸಕ್ಕೆ ರಾಜೀನಾಮೆ ಕೊಡುತ್ತೇನೆ. 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ (ಐಎಫ್‌ಎಸ್) ಸೇರಿದ ಕೊಡಗಿನ ಯುವತಿಯೊಬ್ಬರಿಂದ ಸರ್ಕಾರ ಹೀಗೆ ಮುಚ್ಚಳಿಕೆ ಬರೆಸಿಕೊಂಡಿತ್ತು. ಸೇವೆಗೆ ಸೇರಿದ ಪುರುಷ ಅಧಿಕಾರಿಗಳಿಗೆ ಇಂಥ ಷರತ್ತು ಇರಲಿಲ್ಲ. ಮೂವತ್ತು ವರ್ಷಗಳ ಬಳಿಕ ಅದೇ ಅಧಿಕಾರಿ ದೆಹಲಿಯ ಸುಪ್ರೀಂ ಕೋರ್ಟ್‌ನಲ್ಲಿ ಭಾರತ ಸರ್ಕಾರದ ವಿರುದ್ಧ ಅರ್ಜಿದಾರರಾಗಿದ್ದರು. ಅವರೇ ಚೋನಿರ ಬೆಳ್ಯಪ್ಪ ಮುತ್ತಮ್ಮ.

ಯುಪಿಎಸ್‌ಸಿ ನಾಗರಿಕ ಸೇವಾ ಪರೀಕ್ಷೆಯಲ್ಲಿ ಉತ್ತೀರ್ಣರಾದ ಮೊದಲ ಮಹಿಳೆ ಮತ್ತು ವಿದೇಶಾಂಗ ಸೇವೆಯ ಒಳಗಿನಿಂದಲೇ ಬೆಳೆದು ರಾಯಭಾರಿಯಾದ ಭಾರತದ ಮೊದಲ ಮಹಿಳೆ ಎಂಬ ಹಿರಿಮೆ ಅವರದು. ಅವರ ಬದುಕು, ವೃತ್ತಿ ಹಾಗೂ 1979ರ ಐತಿಹಾಸಿಕ ತೀರ್ಪಿನ ಕುರಿತ ಮಾಹಿತಿ ಇಲ್ಲಿದೆ.

ವಿರಾಜಪೇಟೆಯಿಂದ ದೆಹಲಿಗೆ

ಮುತ್ತಮ್ಮ ಹುಟ್ಟಿದ್ದು 1924ರ ಜನವರಿ 24ರಂದು, ವಿರಾಜಪೇಟೆಯಲ್ಲಿ. ಆಗ ಕೊಡಗು ಬ್ರಿಟಿಷ್ ಆಡಳಿತದ ಪ್ರತ್ಯೇಕ ಪ್ರಾಂತ್ಯ. ಅರಣ್ಯಾಧಿಕಾರಿಯಾಗಿದ್ದ ತಂದೆ ತೀರಿಕೊಂಡಾಗ ಮುತ್ತಮ್ಮ ಅವರಿಗೆ ಇನ್ನೂ ಒಂಬತ್ತು ವರ್ಷ. ನಾಲ್ವರು ಮಕ್ಕಳನ್ನೂ ಓದಿಸುವ ಹೊಣೆಯನ್ನು ತಾಯಿ ಹೊತ್ತರು.

ಮಡಿಕೇರಿಯ ಸೇಂಟ್ ಜೋಸೆಫ್ ಶಾಲೆಯಲ್ಲಿ ಓದಿದ ಅವರು ಮದ್ರಾಸಿನ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಪದವಿ ಪಡೆದರು. ನಂತರ ಅಲ್ಲಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡಿದರು. 1948ರಲ್ಲಿ ಯುಪಿಎಸ್‌ಸಿ ಪರೀಕ್ಷೆ ಬರೆದು, ಮರುವರ್ಷ ವಿದೇಶಾಂಗ ಸೇವೆಗೆ ಸೇರಿದರು.

ದೇಶಕ್ಕೆ ಸ್ವಾತಂತ್ರ್ಯ ಬಂದು ಆಗಿನ್ನೂ ಎರಡು ವರ್ಷವೂ ತುಂಬಿರಲಿಲ್ಲ. ವಿಜಯಲಕ್ಷ್ಮಿ ಪಂಡಿತ್ 1947ರಲ್ಲೇ ಮಾಸ್ಕೋಗೆ ರಾಯಭಾರಿಯಾಗಿ ಹೋಗಿದ್ದರು. ಆದರೆ ಅದು ರಾಜಕೀಯ ನೇಮಕ. ಪರೀಕ್ಷೆ ಬರೆದು, ಕೆಳಗಿನ ಹುದ್ದೆಯಿಂದ ಮೇಲೇರಿ ಮಹಿಳೆಯೊಬ್ಬರು ರಾಯಭಾರಿಯಾಗುವುದು ಅದಕ್ಕಿಂತ ಬೇರೆಯದೇ ದಾರಿ.

ರಾಜತಾಂತ್ರಿಕರ ವೃತ್ತಿ ಹೇಗಿರುತ್ತದೆ?

ಯುಪಿಎಸ್‌ಸಿ ಮೂಲಕ ಐಎಫ್‌ಎಸ್‌ಗೆ ಆಯ್ಕೆಯಾದವರು ಈಗ ಮಸ್ಸೂರಿಯಲ್ಲಿ ಬುನಾದಿ ತರಬೇತಿ ಮುಗಿಸಿ, ದೆಹಲಿಯ ಸುಷ್ಮಾ ಸ್ವರಾಜ್ ವಿದೇಶಾಂಗ ಸೇವಾ ಸಂಸ್ಥೆಗೆ ಬರುತ್ತಾರೆ. ಪ್ರತಿಯೊಬ್ಬರೂ ಒಂದು ವಿದೇಶಿ ಭಾಷೆಯನ್ನು ಕಡ್ಡಾಯವಾಗಿ ಕಲಿಯಬೇಕು. ಹೊರದೇಶದ ಕಚೇರಿಯಲ್ಲಿ ಮೊದಲ ಹುದ್ದೆ ಥರ್ಡ್ ಸೆಕ್ರೆಟರಿ. ಬಳಿಕ ಸೆಕೆಂಡ್ ಸೆಕ್ರೆಟರಿ, ಫಸ್ಟ್ ಸೆಕ್ರೆಟರಿ, ಕೌನ್ಸೆಲರ್, ಮಿನಿಸ್ಟರ್ ಹುದ್ದೆಗಳನ್ನು ದಾಟಿದವರು ರಾಯಭಾರಿಯ ಹಂತ ತಲುಪುತ್ತಾರೆ.

ರಾಯಭಾರಿಯನ್ನು ಕಳುಹಿಸುವ ಮುನ್ನ ಆ ದೇಶದ ಒಪ್ಪಿಗೆ ಪಡೆಯಬೇಕು. ಕಾಮನ್‌ವೆಲ್ತ್ ದೇಶಗಳಲ್ಲಿ ಇದೇ ಹುದ್ದೆಗೆ ಹೈಕಮಿಷನರ್ ಎನ್ನುತ್ತಾರೆ.

ಕೆಲವೇ ವರ್ಷಗಳಿಗೊಮ್ಮೆ ದೇಶ ಬದಲಾಗುತ್ತದೆ. ನಡುನಡುವೆ ದೆಹಲಿಯ ಸಚಿವಾಲಯದಲ್ಲೂ ಕೆಲಸ ಮಾಡಬೇಕು. ಮನೆ, ಮಕ್ಕಳ ಶಾಲೆ, ಬಾಳಸಂಗಾತಿಯ ಉದ್ಯೋಗ ಎಲ್ಲವೂ ವರ್ಗಾವಣೆಯ ಆದೇಶಕ್ಕೆ ತಕ್ಕಂತೆ ಹೊಂದಿಕೊಳ್ಳಬೇಕು. ಮಹಿಳೆಯರಿಗೆ ಈ ಕೆಲಸ ಆಗದು ಎನ್ನುವವರು ಮುಂದಿಡುತ್ತಿದ್ದ ವಾದವೂ ಇದೇ ಆಗಿತ್ತು.

ಮುತ್ತಮ್ಮ ಅವರ ಮೊದಲ ವಿದೇಶಿ ನಿಯೋಜನೆ ಪ್ಯಾರಿಸ್. ಮುಂದೆ ರಂಗೂನ್ ಮತ್ತು ಲಂಡನ್‌ನಲ್ಲಿ ಕೆಲಸ ಮಾಡಿದರು. ದೆಹಲಿಯ ಸಚಿವಾಲಯದಲ್ಲಿ ಪಾಕಿಸ್ತಾನ ಹಾಗೂ ಅಮೆರಿಕ ವಿಭಾಗಗಳಲ್ಲೂ ಸೇವೆ ಸಲ್ಲಿಸಿದರು. 1970ರಲ್ಲಿ ಹಂಗೆರಿಗೆ ರಾಯಭಾರಿಯಾಗಿ ನೇಮಕಗೊಂಡರು. ನಂತರ ಘಾನಾ ದೇಶದಲ್ಲಿ ಭಾರತದ ಹೈಕಮಿಷನರ್ ಆದರು.

ನಿಯಮಗಳಲ್ಲಿ ಏನಿತ್ತು?

ಮಹಿಳಾ ಅಧಿಕಾರಿಗಳ ದಾರಿಗೆ ಅಡ್ಡವಾಗಿದ್ದ 1961ರ ಎರಡು ನಿಯಮಗಳು ಹೀಗಿದ್ದವು:

ನಿಯಮ 8(2), ನಡತೆ ಮತ್ತು ಶಿಸ್ತು: ಮಹಿಳಾ ಅಧಿಕಾರಿ ಮದುವೆಗೆ ಮುನ್ನ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು. ಮದುವೆಯ ನಂತರ ಸಂಸಾರದ ಜವಾಬ್ದಾರಿಯಿಂದ ಕೆಲಸಕ್ಕೆ ಅಡ್ಡಿಯಾಗುತ್ತದೆ ಎಂದು ಸರ್ಕಾರಕ್ಕೆ ಅನ್ನಿಸಿದರೆ ಯಾವಾಗ ಬೇಕಾದರೂ ರಾಜೀನಾಮೆ ಕೇಳಬಹುದು.

ನಿಯಮ 18(4), ನೇಮಕಾತಿ ಮತ್ತು ಬಡ್ತಿ: ವಿವಾಹಿತ ಮಹಿಳೆಗೆ ಈ ಸೇವೆಗೆ ನೇಮಕಗೊಳ್ಳುವ ಹಕ್ಕು ಇರುವುದಿಲ್ಲ.

ಇಂಥ ಷರತ್ತುಗಳಿಗೆ ಬೆಲೆ ತೆತ್ತವರಿದ್ದರು. ಆರಂಭದ ದಿನಗಳಲ್ಲೇ ಸೇವೆಗೆ ಸೇರಿದ್ದ ರಮಾ ಮೆಹ್ತಾ, ಸಹೋದ್ಯೋಗಿ ಜಗತ್ ಸಿಂಗ್ ಮೆಹ್ತಾ ಅವರನ್ನು ಮದುವೆಯಾದಾಗ ಕೆಲಸ ಬಿಡಬೇಕಾಯಿತು. ಪತಿ 1976ರಲ್ಲಿ ವಿದೇಶಾಂಗ ಕಾರ್ಯದರ್ಶಿ ಹುದ್ದೆಗೇರಿದರು. ರಮಾ ಬರಹದತ್ತ ಹೊರಳಿದರು. ಅವರ ಇಂಗ್ಲಿಷ್ ಕಾದಂಬರಿ ‘ಇನ್‌ಸೈಡ್ ದಿ ಹವೇಲಿ’ಗೆ 1979ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆ ವೇಳೆಗೆ ಅವರು ತೀರಿಕೊಂಡಿದ್ದರು. ಇಬ್ಬರೂ ಒಂದೇ ಸೇವೆಯಲ್ಲಿದ್ದವರು, ಮದುವೆಯೂ ಒಂದೇ. ಕೆಲಸ ಹೋದದ್ದು ಒಬ್ಬರದು ಮಾತ್ರ.

ಮುತ್ತಮ್ಮ ಮದುವೆಯಾಗಲಿಲ್ಲ. ಆದರೂ ತಾರತಮ್ಯ ತಪ್ಪಲಿಲ್ಲ.

1979ರ ತೀರ್ಪು

ಸೇವೆಯ ಗ್ರೇಡ್-1 ದರ್ಜೆಗೆ ಬಡ್ತಿ ನಿರಾಕರಿಸಿದಾಗ ಅವರು ಸುಪ್ರೀಂ ಕೋರ್ಟ್‌ಗೆ ರಿಟ್ ಅರ್ಜಿ ಸಲ್ಲಿಸಿದರು. ಮಹಿಳೆಯರ ವಿರುದ್ಧ ಸೇವೆಯಲ್ಲಿ ಬಹುಕಾಲದಿಂದ ಪೂರ್ವಗ್ರಹವಿದೆ, ನಿಯಮಗಳೇ ಸಂವಿಧಾನ ಕೊಟ್ಟ ಸಮಾನತೆಗೆ ವಿರುದ್ಧವಾಗಿವೆ ಎಂಬುದು ಅವರ ವಾದ. ಸೇವೆಗೆ ಸೇರುವಾಗ ಬರೆದುಕೊಟ್ಟ ಮುಚ್ಚಳಿಕೆಯ ವಿಷಯವನ್ನೂ ಕೋರ್ಟ್ ಮುಂದಿಟ್ಟರು.

ಅರ್ಜಿ ಸಲ್ಲಿಸಿದ ನಂತರ ಸರ್ಕಾರ ಅವರಿಗೆ ಬಡ್ತಿ ಕೊಟ್ಟಿತು. ನೆದರ್‌ಲ್ಯಾಂಡ್ಸ್‌ನ ಹೇಗ್ ನಗರಕ್ಕೆ ರಾಯಭಾರಿಯಾಗಿ ನೇಮಿಸಿತು. ನಿಯಮ 18(4) ಅನ್ನು 1973ರಲ್ಲೇ ಕೈಬಿಡಲಾಗಿದೆ, 8(2) ಅನ್ನು ರದ್ದುಪಡಿಸುವ ಪ್ರಕ್ರಿಯೆಯೂ ನಡೆದಿದೆ ಎಂದು ಕೋರ್ಟ್‌ಗೆ ತಿಳಿಸಿತು. ಆಗ ಸಾಲಿಸಿಟರ್ ಜನರಲ್ ಆಗಿದ್ದವರು ಸೋಲಿ ಸೊರಾಬ್ಜಿ.

1979ರ ಸೆಪ್ಟೆಂಬರ್ 17ರಂದು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬರೆದ ತೀರ್ಪು ಹೊರಬಿತ್ತು. ಸಂಸಾರದ ಹೊಣೆ ಮಹಿಳೆಯ ಕೆಲಸಕ್ಕೆ ಅಡ್ಡಿಯಾಗಬಹುದಾದರೆ ಪುರುಷನ ಕೆಲಸಕ್ಕೂ ಅಡ್ಡಿಯಾಗಬಹುದಲ್ಲವೇ ಎಂಬುದು ನ್ಯಾಯಪೀಠದ ನೇರ ಪ್ರಶ್ನೆ. ಈ ನಿಯಮಗಳು ಹೆಣ್ಣನ್ನು ಕಟ್ಟಿಹಾಕುವ ಹಳೆಯ ಪುರುಷಪ್ರಧಾನ ಮನೋಭಾವದ ಪಳೆಯುಳಿಕೆ ಎಂದು ತೀರ್ಪು ಕಟುವಾಗಿ ಹೇಳಿತು. ಅದೇ ವೇಳೆ, ಕೆಲವು ಉದ್ಯೋಗಗಳ ಸ್ವರೂಪಕ್ಕೆ ತಕ್ಕಂತೆ ವ್ಯತ್ಯಾಸ ಇರಬಹುದು, ಅದಕ್ಕೆ ಸಕಾರಣ ಬೇಕು ಎಂದೂ ಸ್ಪಷ್ಟಪಡಿಸಿತು.

ಬಡ್ತಿ ಸಿಕ್ಕಿದ್ದರಿಂದ ಅರ್ಜಿ ವಜಾ ಆಯಿತು. ಆದರೆ ಅರ್ಜಿ ವಜಾ ಮಾಡಿದರೂ ಸಮಸ್ಯೆಯನ್ನು ವಜಾ ಮಾಡುತ್ತಿಲ್ಲ ಎಂದು ಪೀಠ ಸೇರಿಸಿತು. ಈ ನಡುವೆ ಬಡ್ತಿ ಪಡೆದಿದ್ದ ಕಿರಿಯರಿಗೆ ಹೋಲಿಸಿ ಮುತ್ತಮ್ಮ ಅವರ ಸೇವಾ ಹಿರಿತನವನ್ನು ಮರುಪರಿಶೀಲಿಸಬೇಕು ಎಂದು ಹೇಳಿತು. ಯಾರಾದರೂ ಕೋರ್ಟ್‌ಗೆ ಬರುವವರೆಗೆ ಕಾಯದೆ, ಎಲ್ಲ ಸೇವಾ ನಿಯಮಗಳಿಂದ ಲಿಂಗ ತಾರತಮ್ಯವನ್ನು ತೆಗೆಯಬೇಕು ಎಂದು ಕೇಂದ್ರಕ್ಕೆ ಸೂಚಿಸಿತು. ಸರ್ಕಾರಿ ಉದ್ಯೋಗದಲ್ಲಿ ಲಿಂಗ ಸಮಾನತೆಯ ವಿಷಯ ಬಂದಾಗ ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುವ ತೀರ್ಪು ಇದು.

ನಿವೃತ್ತಿಯ ನಂತರ

ಹೇಗ್ ಅವರ ಕೊನೆಯ ನಿಯೋಜನೆ. 1982ರಲ್ಲಿ ನಿವೃತ್ತರಾದರು. ಸ್ವೀಡನ್‌ನ ಒಲೋಫ್ ಪಾಲ್ಮೆ ನೇತೃತ್ವದ ಅಂತರರಾಷ್ಟ್ರೀಯ ನಿಶ್ಶಸ್ತ್ರೀಕರಣ ಆಯೋಗದಲ್ಲಿ ಭಾರತದಿಂದ ಸದಸ್ಯರಾಗಿದ್ದರು. ಆಡಳಿತ ವ್ಯವಸ್ಥೆಯ ಲೋಪಗಳ ಕುರಿತ ಅವರ ಪ್ರಬಂಧಗಳು ‘ಸ್ಲೇನ್ ಬೈ ದಿ ಸಿಸ್ಟಮ್’ ಹೆಸರಿನಲ್ಲಿ ಪ್ರಕಟವಾದವು. ಕೊಡವ ಅಡುಗೆಯ ಪುಸ್ತಕವೊಂದಕ್ಕೂ ಅವರು ಸಹಲೇಖಕಿ. ದೆಹಲಿಯಲ್ಲಿದ್ದ ತಮ್ಮ ಜಮೀನನ್ನು ಮದರ್ ತೆರೇಸಾ ಸಂಸ್ಥೆಯ ಸೇವಾ ಕಾರ್ಯಕ್ಕೆ ದಾನ ಮಾಡಿದರು.

2009ರ ಅಕ್ಟೋಬರ್ 14ರಂದು ಬೆಂಗಳೂರಿನಲ್ಲಿ ನಿಧನರಾದಾಗ ಅವರಿಗೆ 85 ವರ್ಷ.

ಅವರ ನಂತರ ಬಂದವರು

2001ರಲ್ಲಿ ಚೋಕಿಲಾ ಅಯ್ಯರ್ ದೇಶದ ಮೊದಲ ಮಹಿಳಾ ವಿದೇಶಾಂಗ ಕಾರ್ಯದರ್ಶಿಯಾದರು. ಬೆಂಗಳೂರಿನಲ್ಲಿ ಪದವಿ ಓದಿದ ನಿರುಪಮಾ ರಾವ್ 2009ರ ಆಗಸ್ಟ್‌ನಲ್ಲಿ ಆ ಹುದ್ದೆಗೆ ಬಂದರು. 2013ರಲ್ಲಿ ಸುಜಾತಾ ಸಿಂಗ್ ಆಯ್ಕೆಯಾದರು. ಸೇವೆಯೊಳಗಿನವರು ಏರಬಹುದಾದ ಅತ್ಯುನ್ನತ ಹುದ್ದೆಯಿದು. ಮೂವರೂ ವಿವಾಹಿತರು.

ಮುತ್ತಮ್ಮ ಆ ಹುದ್ದೆಗೆ ಏರಲಿಲ್ಲ. ಅರ್ಜಿಯ ತೀರ್ಪು ಬಂದಾಗ ಅವರ ನಿವೃತ್ತಿಗೆ ಉಳಿದಿದ್ದದ್ದು ಸುಮಾರು ಮೂರು ವರ್ಷ. ಮದುವೆಯ ನಿಯಮ ರದ್ದಾದದ್ದರಿಂದ ಅವರಿಗೆ ವೈಯಕ್ತಿಕವಾಗಿ ಯಾವ ಲಾಭವೂ ಇರಲಿಲ್ಲ. ಇಂದು ವಿದೇಶಾಂಗ ಸೇವೆಗೆ ಸೇರುವ ಯುವತಿಯರು ಮದುವೆಯಾದರೆ ಕೆಲಸ ಬಿಡುತ್ತೇನೆಂದು ಯಾರಿಗೂ ಬರೆದುಕೊಡಬೇಕಿಲ್ಲ.