ಕಾಕಂಬಿ, ರಣಹದ್ದು, ಕೊಕ್ಕರೆ

ಸ್ಕಾಟ್ಲೆಂಡಲ್ಲಿ ಸ್ಪೇ ಅಂತ ಒಂದು ನದಿ. ಅದರ ಆಸುಪಾಸಿನ ಹಳ್ಳಿಗಳಿಗೆ ಜನ ವಿಸ್ಕಿ ರುಚಿ ನೋಡೋಕೆ, ಹಕ್ಕಿ ನೋಡೋಕೆ, ಬೆಟ್ಟ ಹತ್ತೋಕೆ ಅಂತಲೇ ಹೋಗ್ತಾರಂತೆ. ಬೆಂಗಳೂರಲ್ಲಿರೋ ನನ್ನ ಅಕ್ಕನ ಮಗ ಫೋನಲ್ಲಿ ಅಲ್ಲಿನ ಫೋಟೊ ತೋರಿಸ್ದ. "ಮೂರೂ ನಮ್ಮ ರಸ್ತೆಯಲ್ಲೇ ಐತೆ ಕಣ್ಲಾ, ಭಾನುವಾರ ಬಾ" ಅಂದೆ.

ಅವನು ಬರೋ ದಾರೀಲೇ ಕುಂಬಳಗೋಡು. ಅಲ್ಲಿನ ಅಮೃತ್ ಡಿಸ್ಟಿಲರಿಯವರು 2004ರಲ್ಲಿ ತಮ್ಮ ಸಿಂಗಲ್ ಮಾಲ್ಟ್ ವಿಸ್ಕಿಯನ್ನ ಮೊದಲು ಬಿಟ್ಟಿದ್ದು ಗ್ಲಾಸ್ಗೋದಲ್ಲಿ, ಅಂದ್ರೆ ಸ್ಕಾಟ್ಲೆಂಡಿನವರ ಮನೆ ಬಾಗಿಲಲ್ಲೇ. ನಮ್ಮ ಬಿಸಿಲಿಗೆ ಪೀಪಾಯಲ್ಲಿಟ್ಟ ವಿಸ್ಕಿ ವರ್ಷಕ್ಕೆ ನೂರಕ್ಕೆ ಹತ್ತರಷ್ಟು ಆವಿಯಾಗಿ ಹೋಗುತ್ತೆ, ಅಲ್ಲಿ ಎರಡರಷ್ಟು. ಆದರೆ ಬೇಗ ಹದಕ್ಕೆ ಬರುತ್ತೆ.

ಆ ವಿಸ್ಕಿ ಬಾರ್ಲಿಯದು, ನಮ್ಮ ಕಬ್ಬಿಗೆ ಅದರಲ್ಲಿ ಪಾಲಿಲ್ಲ. ನಮ್ಮ ಪಾಲು ಬೇರೆ ಕಡೆ. ಕನ್ನಂಬಾಡಿ ನೀರು ನಾಲೆಗೆ ಬಂದ ಮೇಲೆ, ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಮುತುವರ್ಜಿಯಿಂದ 1933ರಲ್ಲಿ ಮಂಡ್ಯದ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಸಕ್ಕರೆ ತೆಗೆದ ಮೇಲೆ ಉಳಿಯೋ ಕಾಕಂಬಿ ಹುಳಿಸಿ ಬಟ್ಟಿ ಇಳಿಸಿದರೆ ಸ್ಪಿರಿಟ್. ನಮ್ಮ ದೇಶದ ಅಗ್ಗದ "ವಿಸ್ಕಿ" ಬಹುಪಾಲು ಇದರಿಂದಲೇ. ಯುರೋಪಿನ ಕಾನೂನು ಅದನ್ನ ವಿಸ್ಕಿ ಅಂತ ಒಪ್ಪಲ್ಲ, ಧಾನ್ಯದ್ದೇ ಆಗ್ಬೇಕು. ಟನ್ ಲೆಕ್ಕದಲ್ಲಿ ಕಬ್ಬು ತೂಗೋ ನಾವು ಬಾಟಲಿ ಮೇಲಿನ ರೇಟು ನೋಡಿ ಸುಮ್ನೆ ನಗೋದಷ್ಟೆ.

ರಾಮನಗರಕ್ಕೆ ಹೋಗಿ ರಾಮದೇವರ ಬೆಟ್ಟ ಹತ್ತಿದ್ವಿ. ಅಳಿಯನಿಗೆ ಶೋಲೆ ಬಂಡೆ ಸಾಕು, ನನಗೆ ಬೇಕಿದ್ದು ರಣಹದ್ದು. 2012ರಲ್ಲಿ ಇದು ರಣಹದ್ದು ಧಾಮ ಆಯ್ತು. ಅವು ದೇಶದ ತುಂಬ ಸತ್ತಿದ್ದು ದನಗಳ ನೋವಿಗೆ ಕೊಡ್ತಿದ್ದ ಡೈಕ್ಲೋಫೆನಾಕ್‌ನಿಂದ. ಔಷಧಿ ಬಿದ್ದ ದನ ಸತ್ತರೆ, ಅದನ್ನ ತಿಂದ ಹದ್ದಿನ ಮೂತ್ರಪಿಂಡ ಕೆಡುತ್ತೆ. ದನಕ್ಕೆ ಅದನ್ನ ಕೊಡೋದನ್ನ 2006ರಲ್ಲೇ ನಿಲ್ಲಿಸಿದ್ರು, 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೊಫೆನಾಕ್ ಕೂಡ. ಮೆಲಾಕ್ಸಿಕಾಂ ಕೊಟ್ರೆ ಹದ್ದಿಗೆ ತೊಂದರೆ ಇಲ್ಲ. ಡಾಕ್ಟ್ರು ಸೂಜಿ ಹಾಕೋವಾಗ ಒಂದ್ಸಲ ಹೆಸರು ಕೇಳ್ರಪ್ಪ.

ಸಂಜೆ ರುದ್ರಾಕ್ಷಿಪುರದ ಹತ್ರ ತಿರುಗಿ ಕೊಕ್ಕರೆ ಬೆಳ್ಳೂರಿಗೆ ಬಂದ್ವಿ. ಊರು ಮೊದಲು ಶಿಂಷಾ ದಂಡೇಲಿತ್ತು, ಪ್ಲೇಗು ಬಂದಾಗ ಜನ ಎದ್ದು ಬಂದ್ರು, ಹಿಂದೇನೇ ಹಕ್ಕಿಗಳೂ ಬಂದ್ವು ಅಂತ ಹಿರಿಯರು ಹೇಳ್ತಾರೆ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಎರಡೂ ಬಾಣಂತನಕ್ಕೆ ಬಂದ ಹೆಣ್ಮಕ್ಕಳು ಅಂತ್ಲೇ ಊರಿನ ಮಾತು. ಹೊರಗಿನವರಿಗೆ ಇದು ಗೊತ್ತಾಗಿದ್ದು 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ್ ಬರೆದ ಮೇಲೆ. 2007ರಲ್ಲಿ ಸಮುದಾಯ ಮೀಸಲು ಪ್ರದೇಶವಾಯ್ತು.

ಗೂಡು ಕಟ್ಟಿದ ಹುಣಸೆ ಮರದ ಕಾಯಿ ಬಡಿಯೋ ಹಾಗಿಲ್ಲ, ಅದಕ್ಕೆ ಪರಿಹಾರ ಕೊಡೋ ಪದ್ಧತಿ ಇದೆ. ಹಿಕ್ಕೆ ಹೊಲಕ್ಕೆ ಒಳ್ಳೆ ಗೊಬ್ಬರ. ಆದ್ರೂ ನಮ್ಮ ಸೋದರತ್ತೆಯ ಲೆಕ್ಕ ಸರಿಹೋಗ್ತಿಲ್ಲ. ಹೋದ ತಿಂಗಳು ವ್ಯಾಪಾರಿಯೊಬ್ಬ ಬಂದು ಮರಕ್ಕೇ ಬೆಲೆ ಕಟ್ಟಿ ಹೋಗವ್ನೆ. ಮೊಮ್ಮಗಳ ಕಾಲೇಜು ಫೀಸು ಬೇರೆ ಕಟ್ಟಬೇಕು.

"ಏನ್ ಮಾಡ್ದೆ ಅತ್ತೆ?" ಅಂದೆ.

ಅತ್ತೆ ತಲೆ ಎತ್ತಿ ಗೂಡು ಎಣಿಸಿದ್ರು. "ಈ ಮರಿ ಹಾರೋಗ್ಲಿ ಇರು" ಅಂದು ಕಾಫಿ ಕಾಯಿಸೋಕೆ ಒಳಗೆ ಹೋದ್ರು.