ಗುರುವಿನ ಕಂಠ, ಶಿಷ್ಯನ ತಂತಿ

ಕಾವೇರಿಯೂ ಕಪಿಲೆಯೂ ಕೂಡುವ ತಿರುಮಕೂಡಲು ಪುರಾಣಪ್ರಸಿದ್ಧವಾದ ಕ್ಷೇತ್ರ. ಆ ಊರಿನ ಹೆಸರನ್ನು ಸಂಗೀತಲೋಕದಲ್ಲಿ ನೆಲೆಗೊಳಿಸಿದವರು ಪಿಟೀಲು ವಿದ್ವಾಂಸರಾದ ಟಿ. ಚೌಡಯ್ಯನವರು. ಅವರು 1895ರಲ್ಲಿ ಜನಿಸಿ, 1910ರಲ್ಲಿ, ಹದಿನೈದರ ಪ್ರಾಯದಲ್ಲಿ, ಮೈಸೂರಿನ ಗಾನವಿಶಾರದ ಬಿಡಾರಂ ಕೃಷ್ಣಪ್ಪನವರನ್ನು ಆಶ್ರಯಿಸಿದರು.

ಕೃಷ್ಣಪ್ಪನವರು 1866ರಲ್ಲಿ ಹುಟ್ಟಿದವರು. ಮುದ್ದಣ ಕವಿಯ ನಂದಳಿಕೆಯೇ ಅವರ ಮೂಲಸ್ಥಾನ. ಬಡತನದ ಬಾಲ್ಯವನ್ನು ದಾಟಿ, ಮೈಸೂರಿನ ಆಸ್ಥಾನದಲ್ಲಿ ಮಾನ್ಯರಾಗಿ, ದಾಸರ ಪದಗಳಿಗೆ ಕಚೇರಿಯಲ್ಲಿ ಗೌರವದ ಸ್ಥಾನವನ್ನು ಗಳಿಸಿಕೊಟ್ಟರು. ಮೈಸೂರಿನಲ್ಲಿ ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿಸಿದವರೂ ಅವರೇ. ಶಿಷ್ಯರ ವಿಷಯದಲ್ಲಿ ಅವರ ಶಿಸ್ತು ಬಲು ಕಠಿಣವಾದುದು.

ಇಲ್ಲಿ ಒಂದು ವಿಚಾರವು ಗಮನಾರ್ಹವಾಗಿದೆ. ಗುರುಗಳು ಗಾಯಕರು, ಶಿಷ್ಯನು ಕೈಯಲ್ಲಿ ಹಿಡಿದುದು ಪಿಟೀಲು. ಕರ್ಣಾಟಕ ಸಂಗೀತದಲ್ಲಿ ವಾದ್ಯವು ಕಂಠವನ್ನೇ ಅನುಸರಿಸತಕ್ಕದ್ದು. ಸಾಹಿತ್ಯದ ಅಕ್ಷರ ಎಲ್ಲಿ ಬೀಳುವುದು, ಉಸಿರು ಎಲ್ಲಿ ನಿಲ್ಲುವುದು, ಗಮಕವು ಎಷ್ಟು ತೂಗುವುದು ಎಂಬುದೆಲ್ಲವೂ ಬೆರಳಿಗಿಂತ ಮೊದಲು ಕಿವಿಗೆ ತಿಳಿಯಬೇಕು. ಹಾಡುವವರ ಬಳಿಯಲ್ಲಿ ಬೆಳೆದ ಚೌಡಯ್ಯನವರಿಗೆ ಈ ಸಂಸ್ಕಾರವು ಕೈಗೂಡಿತು. ಗುರುಗಳ ಕಚೇರಿಗಳಲ್ಲಿ ಪಕ್ಕದಲ್ಲಿ ಕುಳಿತು ನುಡಿಸಿದುದೇ ಅವರಿಗೆ ಎರಡನೆಯ ಪಾಠಶಾಲೆಯಾಯಿತು.

ಆ ಕಾಲದಲ್ಲಿ ಧ್ವನಿವರ್ಧಕವಿನ್ನೂ ಬಳಕೆಗೆ ಬಂದಿರಲಿಲ್ಲ. ಗಾಯಕರ ತುಂಬುಕಂಠವು ಸಭೆಯ ಕೊನೆಯವರೆಗೆ ಮುಟ್ಟುತ್ತಿದ್ದರೂ ನಾಲ್ಕು ತಂತಿಯ ಪಿಟೀಲಿನ ನಾದವು ಹಿಂದಿನ ಸಾಲುಗಳಿಗೆ ಕೇಳುತ್ತಿರಲಿಲ್ಲ. ಕೇಳದ ಅನುಸರಣೆಯಿಂದ ಫಲವೇನು? 1927ರ ಸುಮಾರಿಗೆ ಚೌಡಯ್ಯನವರು ಇನ್ನೂ ಮೂರು ತಂತಿಗಳನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ರೂಪಿಸಿದರು. ನಾದವು ಇಮ್ಮಡಿಸಿದಂತೆ ಗಂಭೀರವಾಯಿತು. ಸಂಪ್ರದಾಯದಲ್ಲಿ ಬೆಳೆದವನು ವಾದ್ಯದ ರೂಪವನ್ನೇ ಬದಲಿಸುವುದು ಸಣ್ಣ ಸಾಹಸವಲ್ಲ. ಹೆಚ್ಚಿನ ತಂತಿಗಳ ಮೇಲೆ ಸೂಕ್ಷ್ಮವಾದ ಗಮಕವನ್ನು ಹಿಡಿಯುವುದಕ್ಕೆ ಅಸಾಧಾರಣವಾದ ಬೆರಳಬಲವೂ ಕಮಾನಿನ ಹಿಡಿತವೂ ಬೇಕು. ಅವರ ತರುವಾಯ ಆ ವಾದ್ಯವನ್ನು ಕೈಗೆತ್ತಿಕೊಂಡವರು ಕೆಲವರೇ ಎಂಬುದೇ ಇದಕ್ಕೆ ಸಾಕ್ಷಿ.

ಹೀಗಿರಲು ಇದು ಗುರುಮಾರ್ಗದ ಉಲ್ಲಂಘನೆಯೇ? ಮೇಲ್ನೋಟಕ್ಕೆ ಹಾಗೆ ತೋರಬಹುದು. ಆದರೆ ಬದಲಾದುದು ಉಪಕರಣವೇ ಹೊರತು ಗಾನವಲ್ಲ. ಹಾಡಿಕೆಗೆ ಸರಿಸಮನಾಗಿ ನಾದವು ನಿಲ್ಲಬೇಕೆಂಬ ಹಂಬಲವು ಹಾಡಿಕೆಯನ್ನು ಆರಾಧಿಸಿದವನಿಗಲ್ಲದೆ ಹುಟ್ಟದು. ಗುರುವಿನ ಮಾತನ್ನು ಹಾಗೆಯೇ ಒಪ್ಪಿಸುವವನು ವಿಧೇಯ. ಆ ಮಾತಿನ ಉದ್ದೇಶವನ್ನು ಅರಿತು ಮುಂದಕ್ಕೆ ಒಯ್ಯುವವನು ಉತ್ತರಾಧಿಕಾರಿ.

ಕೃಷ್ಣಪ್ಪನವರು 1931ರಲ್ಲಿ ದಿವಂಗತರಾದರು. ಚೌಡಯ್ಯನವರು ಚೆಂಬೈ ವೈದ್ಯನಾಥ ಭಾಗವತರೇ ಮೊದಲಾದ ಶ್ರೇಷ್ಠ ಗಾಯಕರಿಗೆ ಪಕ್ಕವಾದ್ಯ ನುಡಿಸಿ ನಾಡಿನಾದ್ಯಂತ ಕೀರ್ತಿವಂತರಾದರು; 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ಅವರಿಗೆ ಸಂದಿತು. 1967ರಲ್ಲಿ ಅವರು ಕಾಲವಾದ ಮೇಲೆ, 1980ರಲ್ಲಿ, ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲಿಯೇ ಚೌಡಯ್ಯ ಸ್ಮಾರಕ ಭವನವು ಎದ್ದಿತು.

ಗುರುವಿನ ಹೆಸರಿಗೆ ಮೈಸೂರಿನಲ್ಲಿ ರಾಮಮಂದಿರ. ಶಿಷ್ಯನ ಹೆಸರಿಗೆ ಬೆಂಗಳೂರಿನಲ್ಲಿ ನಾದಮಂದಿರ. ಎರಡೂ ಕಲ್ಲು ಗಾರೆಗಳ ಕಟ್ಟಡಗಳು. ಇವೆರಡನ್ನೂ ಜೋಡಿಸುವುದು ಕಣ್ಣಿಗೆ ಕಾಣದ ಒಂದು ಎಳೆ: ತಾನು ಕೇಳಿದುದು ಎಲ್ಲರಿಗೂ ಕೇಳಬೇಕೆಂಬ ಶಿಷ್ಯನ ಋಣಪ್ರಜ್ಞೆ.