ಬಾಡಿಗೆ ಮನೆಗಳ ಕಟ್ಟಡ ಕೊಳ್ಳುವ ಮುನ್ನ: ವರಮಾನದ ಲೆಕ್ಕ ಪರಿಶೀಲಿಸುವ ಬಗೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಲ್ಲಿ ಮೂರು-ನಾಲ್ಕು ಬಾಡಿಗೆ ಮನೆಗಳಿರುವ ಕಟ್ಟಡ ಮಾರಾಟಕ್ಕೆ ಬಂದಾಗ ಬೆಲೆಯ ಮಾತುಕತೆ ಬಾಡಿಗೆಯ ಮೊತ್ತವನ್ನೂ ಅವಲಂಬಿಸುತ್ತದೆ. ಮಾರುವವರು ಹೇಳುವ ಮೊತ್ತಕ್ಕೂ ಕೈಗೆ ಬರುವ ಮೊತ್ತಕ್ಕೂ ಅಂತರವಿರಬಹುದು. ಆದ್ದರಿಂದ ಮುಂಗಡ ಕೊಡುವ ಮುನ್ನವೇ ಕನಿಷ್ಠ ಮೂರು ವರ್ಷಗಳ ಲೆಕ್ಕ ನೋಡುವುದು ಲೇಸು.

ನೋಡಬೇಕಾದ ದಾಖಲೆಗಳು

ಬಾಡಿಗೆ ಕರಾರು: 11 ತಿಂಗಳ ಕರಾರುಗಳು ಸಾಮಾನ್ಯವಾಗಿ ನೋಂದಣಿಯಾಗುವುದಿಲ್ಲ, ಹಾಗಾಗಿ ಋಣಭಾರ ಪ್ರಮಾಣಪತ್ರದಲ್ಲಿ ಕಾಣಿಸುವುದಿಲ್ಲ. ಮೂಲಪ್ರತಿಗಳನ್ನೇ ಕೇಳಬೇಕು. ಹಳೆಯ ಕರಾರು ಮರಾಠಿಯಲ್ಲಿದ್ದರೆ ಬಲ್ಲವರಿಂದ ಓದಿಸಿಕೊಳ್ಳಬೇಕು.

ಬ್ಯಾಂಕ್ ಪಾಸ್‌ಬುಕ್, ಆದಾಯ ತೆರಿಗೆ ರಿಟರ್ನ್: ಬಾಡಿಗೆ ಜಮೆಯಾದ ದಿನಾಂಕ, ಮೊತ್ತಗಳನ್ನು ಕರಾರಿನೊಂದಿಗೆ ತಾಳೆ ನೋಡಬೇಕು. ನಗದಾಗಿ ಪಡೆದಿದ್ದರೆ ರಸೀದಿ ಬೇಕು.

ಹೆಸ್ಕಾಂ ಬಿಲ್ಲು: ಪ್ರತಿ ಮನೆಗೆ ಪ್ರತ್ಯೇಕ ಮೀಟರ್ ಇದ್ದರೆ ಮನೆ ಖಾಲಿಯಿದ್ದ ತಿಂಗಳುಗಳು ತಿಳಿಯುತ್ತವೆ. 2023ರಲ್ಲಿ ಗೃಹಜ್ಯೋತಿ ಯೋಜನೆ ಜಾರಿಯಾದ ಮೇಲೆ ಬಿಲ್ಲಿನ ಮೊತ್ತ ಶೂನ್ಯವಿರಬಹುದು. ಆದಕಾರಣ ಬಳಸಿದ ಯೂನಿಟ್‌ಗಳನ್ನೇ ಗಮನಿಸಬೇಕು.

ಭೋಗ್ಯದ ಮನೆ

ದೊಡ್ಡ ಮೊತ್ತ ಪಡೆದು ಭೋಗ್ಯಕ್ಕೆ ಕೊಟ್ಟ ಮನೆಯಿಂದ ತಿಂಗಳ ಬಾಡಿಗೆ ಬಾರದು. ಅವಧಿ ಮುಗಿದಾಗ ಆ ಹಣ ಮರಳಿಸುವ ಹೊರೆ ಕೊಂಡವರ ಮೇಲೆ ಬೀಳಬಹುದು. ಉದಾಹರಣೆಗೆ, ತಲಾ 5,000 ರೂ. ಬಾಡಿಗೆಯ ನಾಲ್ಕು ಮನೆಗಳಿಂದ ವರ್ಷಕ್ಕೆ 2,40,000 ರೂ. ಎಂದು ಹೇಳಲಾಗಿದೆ ಎನ್ನಿ. ಒಂದು ಮನೆ ಭೋಗ್ಯದಲ್ಲಿದ್ದು, ಮತ್ತೊಂದು ಮೂರು ತಿಂಗಳು ಖಾಲಿಯಿದ್ದರೆ ಬರುವುದು 1,65,000 ರೂ. ಮಾತ್ರ. ಆಸ್ತಿ ತೆರಿಗೆ, ದುರಸ್ತಿ ವೆಚ್ಚ ಬೇರೆ.

ಹಂಗಾಮಿನ ಬಾಡಿಗೆ

ಇದು ಕಬ್ಬು, ತಂಬಾಕಿನ ಸೀಮೆ. ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸುವ ತಿಂಗಳುಗಳಲ್ಲಿ ತುಂಬಿದ ಮನೆ ಮಳೆಗಾಲದಲ್ಲಿ ಖಾಲಿಯಾಗಬಹುದು. ಹಂಗಾಮಿನ ಒಂದು ತಿಂಗಳ ಬಾಡಿಗೆಯನ್ನು ಹನ್ನೆರಡರಿಂದ ಗುಣಿಸಿ ವರ್ಷದ ವರಮಾನವೆಂದು ತಿಳಿಯುವುದು ತರವಲ್ಲ.

ಬಾಡಿಗೆದಾರರ ಮಾತು

ಮಾರುವವರ ಒಪ್ಪಿಗೆ ಪಡೆದು ಪ್ರತಿ ಮನೆಯವರನ್ನೂ ಕಂಡು, ಬಾಡಿಗೆ, ಠೇವಣಿ, ಬಾಕಿ ಎಷ್ಟೆಂದು ಬರೆಸಿಕೊಂಡು ಸಹಿ ಪಡೆಯಬೇಕು. ಠೇವಣಿಯನ್ನು ಕಟ್ಟಡದ ಬೆಲೆಯಲ್ಲಿ ಮುರಿದುಕೊಂಡು, ಅದನ್ನು ಕ್ರಯಪತ್ರದಲ್ಲಿ ನಮೂದಿಸಬೇಕು.

ನೋಂದಣಿಯ ನಂತರ

ಮಾರಾಟದ ವಿಷಯ ತಿಳಿಯದೆ ಹಳೆಯ ಮಾಲೀಕರಿಗೆ ಬಾಡಿಗೆ ಕೊಟ್ಟವರಿಂದ ಅದೇ ಬಾಡಿಗೆಯನ್ನು ಮತ್ತೆ ಕೇಳುವಂತಿಲ್ಲ ಎನ್ನುತ್ತದೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 109ನೇ ಕಲಂ. ಮಾರಾಟಕ್ಕೆ ಮುಂಚಿನ ಬಾಕಿಯೂ, ಬೇರೆ ಒಪ್ಪಂದವಿಲ್ಲದಿದ್ದರೆ, ಕೊಂಡವರಿಗೆ ಸೇರದು. ಆದ್ದರಿಂದ ನೋಂದಣಿಯಾದ ಕೂಡಲೇ ಎಲ್ಲ ಬಾಡಿಗೆದಾರರಿಗೂ ಲಿಖಿತ ಸೂಚನೆ ಕಳುಹಿಸುವುದು ಅವಶ್ಯ.